ಬೆಟ್ಟದ ಹಾದಿಯಲ್ಲಿ ಅವಸರವೇಕೆ?

ದಸರಾ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ಕರಾವಳಿಯ ಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಮೂರು ನಾಲ್ಕು ಕುಟುಂಬಗಳು ಒಟ್ಟುಗೂಡಿ ಒಂದು ಟೆಂಪೋ ಟ್ರಾವೆಲರ್ ಗೊತ್ತುಮಾಡುವುದು, ವಾಟ್ಸ್‌ಆ್ಯಪ್‌ನಲ್ಲಿ ಒಂದು ಗುಂಪು ರಚಿಸುವುದು, ಆ ಗುಂಪಿನಲ್ಲಿ ಸ್ಥಳಗಳ ಪಟ್ಟಿಯೊಂದು ದಿನದಿಂದ ದಿನಕ್ಕೆ ಬೆಳೆಯುವುದು ಈಗ ವಾಡಿಕೆಯಾಗಿದೆ. ಈ ಬಾರಿ ನಮ್ಮ ಮೊಬೈಲಿಗೆ ಬಂದ ಪಟ್ಟಿಯಲ್ಲಿ ಕುದುರೆಮುಖ, ಕಳಸ, ಮುಳ್ಳಯ್ಯನಗಿರಿ, ಬೇಲೂರು, ಹಳೇಬೀಡು, ಮೈಸೂರು, ಬಂಡೀಪುರ, ಮುದುಮಲೈ, ಊಟಿ ಎಂದು ಒಂಬತ್ತು ಹೆಸರುಗಳಿದ್ದವು. ದಿನಗಳು ಮಾತ್ರ ಮೂರು. ಪಟ್ಟಿಯ ಕೆಳಗೆ ಒಬ್ಬ ಸಹೋದರರು, ‘ವಯನಾಡನ್ನೂ ಸೇರಿಸಬಹುದಲ್ಲವೇ?’ ಎಂದು ಬರೆದಿದ್ದರು.

ಆ ಪಟ್ಟಿಯನ್ನು ಓದಿದಾಗ ನಮಗೆ ಸಂತೋಷಕ್ಕಿಂತ ಹೆಚ್ಚಾಗಿ ಅಳುಕು ಉಂಟಾಯಿತು. ಮೂರು ದಿನಗಳಲ್ಲಿ ಸಾವಿರ ಕಿಲೋಮೀಟರಿಗೆ ಹತ್ತಿರದ ಘಟ್ಟದ ರಸ್ತೆ, ಎರಡು ರಾಜ್ಯಗಳ ಕಾಡು, ಹದಿನಾಲ್ಕು ಮಂದಿ, ಒಬ್ಬನೇ ಚಾಲಕ. ಇದನ್ನು ನಾವು ಪ್ರವಾಸವೆಂದು ಕರೆಯುತ್ತೇವೆ. ಆದರೆ ಪ್ರವಾಸದ ಯೋಜನೆಯೆಂದರೆ ಹೆಸರುಗಳನ್ನು ಸೇರಿಸುತ್ತಾ ಹೋಗುವುದಲ್ಲ, ಒಂದೊಂದಾಗಿ ಅಳಿಸುತ್ತಾ ಬರುವುದು ಎಂಬುದನ್ನು ನಾವು ಕಹಿ ಅನುಭವದಿಂದ ಕಲಿತವರು. ಬೆಟ್ಟದ ಹಾದಿಯಲ್ಲಿ ವೇಗವನ್ನು ನಿರ್ಧರಿಸಬೇಕಾದವರು ಉತ್ಸಾಹಿ ಯುವಕರಲ್ಲ. ವಾಹನದಲ್ಲಿರುವ ಅತ್ಯಂತ ದುರ್ಬಲ ವ್ಯಕ್ತಿ, ಸ್ಟಿಯರಿಂಗ್ ಹಿಡಿದ ಚಾಲಕ ಮತ್ತು ಆ ಕಾಡನ್ನೇ ಮನೆಯಾಗಿಸಿಕೊಂಡ ಜೀವಿಗಳು, ಈ ಮೂವರು ಅದನ್ನು ನಿರ್ಧರಿಸಬೇಕು. ಈ ಬರಹದ ಸಾರ ಇಷ್ಟೇ.

ಪ್ರವಾಸದ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿರಿ ಎಂಬ ಕರೆಯನ್ನು ಪವಿತ್ರ ಕುರ್‌ಆನ್ ಹಲವೆಡೆ ನೀಡಿದೆಯಲ್ಲ, ಆದ್ದರಿಂದ ಎಷ್ಟು ಸುತ್ತಿದರೂ ಒಳ್ಳೆಯದೇ ಎನ್ನುವವರಿದ್ದಾರೆ. ಪ್ರಯಾಣವು ಕಷ್ಟದ ಒಂದು ತುಂಡು, ಅದು ಮನುಷ್ಯನ ಊಟವನ್ನೂ ನಿದ್ದೆಯನ್ನೂ ತಡೆಯುತ್ತದೆ, ಕೆಲಸ ಮುಗಿದೊಡನೆ ಮನೆಯವರ ಬಳಿಗೆ ಮರಳಬೇಕು ಎಂಬ ಪ್ರವಾದಿ(ಸ)ರ ಎಚ್ಚರಿಕೆಯನ್ನು ಮುಂದಿಟ್ಟು, ಮೋಜಿನ ತಿರುಗಾಟವೇ ಬೇಡ ಎನ್ನುವವರೂ ಇದ್ದಾರೆ. ಈ ಎರಡರ ನಡುವೆ ವಿರೋಧವಿದೆಯೆಂದು ನಮಗೆ ತೋರುವುದಿಲ್ಲ. ನೋಡುವುದಕ್ಕಾಗಿ ಹೊರಡಬೇಕು ಎಂಬುದು ಮೊದಲನೆಯದರ ತಿರುಳು. ಹೊರಟವರ ಹಸಿವು, ನಿದ್ದೆ, ದಣಿವುಗಳನ್ನು ಮರೆಯಬಾರದು ಎಂಬುದು ಎರಡನೆಯದರ ತಿರುಳು. ನಾವಾದರೋ ಎರಡನ್ನೂ ಕೈಬಿಟ್ಟಿದ್ದೇವೆ. ನೋಡುವುದೂ ಇಲ್ಲ, ನಿದ್ರಿಸುವುದೂ ಇಲ್ಲ.

ಎರಡು ವರ್ಷಗಳ ಹಿಂದೆ ಇಂಥದ್ದೇ ಪಟ್ಟಿಯನ್ನು ಹಿಡಿದುಕೊಂಡು ನಾವು ಹೊರಟಿದ್ದೆವು. ಸಹ ಅಧ್ಯಾಪಕರ ಮೂರು ಕುಟುಂಬಗಳು, ನಮ್ಮ ವೃದ್ಧ ತಾಯಿ, ಎರಡು ಹಸುಗೂಸುಗಳು. ಸುಬ್‌ಹಿ ನಮಾಝ್ ಮುಗಿಸಿ ಹೊರಟು ಕಾರ್ಕಳ, ಮಾಳ ದಾಟಿ ಕುದುರೆಮುಖದ ಘಟ್ಟ ಹತ್ತುವಾಗ ನಮ್ಮಲ್ಲಿ ಅರ್ಧದಷ್ಟು ಮಂದಿ ತೂಕಡಿಸುತ್ತಿದ್ದರು. ತಿರುವುಗಳಿಗೆ ತಾಯಿಯವರಿಗೆ ತಲೆ ಸುತ್ತಿ ಎರಡು ಬಾರಿ ವಾಂತಿಯಾಯಿತು. ‘ಸ್ವಲ್ಪ ಹೊತ್ತು ಎಲ್ಲಾದರೂ ಕೂರೋಣ ಮಗಾ’ ಎಂದು ಅವರು ಕೇಳಿದರು. ‘ಇನ್ನೊಂದು ಗಂಟೆ ಉಮ್ಮಾ, ಕಳಸದಲ್ಲಿ ಇಳಿಯೋಣ’ ಎಂದೆವು. ಕಳಸದಲ್ಲಿ ಇಳಿದದ್ದು ಚಹಾ ಕುಡಿಯುವಷ್ಟು ಹೊತ್ತು ಮಾತ್ರ. ಆ ರಾತ್ರಿ ಚಿಕ್ಕಮಗಳೂರು, ಮರುದಿನ ನಸುಕಿಗೆ ಮುಳ್ಳಯ್ಯನಗಿರಿ, ಮಧ್ಯಾಹ್ನಕ್ಕೆ ಬೇಲೂರು, ಹಳೇಬೀಡು, ಸಂಜೆಗೆ ಮೈಸೂರು. ಅಲ್ಲಿಯೇ ತಂಗಬೇಕೆಂದು ಹೆಂಗಸರು ಹೇಳಿದರೂ ಕೇಳದೆ, ಊಟಿಯಲ್ಲಿ ಕೋಣೆ ಕಾದಿರಿಸಿದೆಯೆಂಬ ಕಾರಣ ನೀಡಿ ಕತ್ತಲಲ್ಲಿ ಮತ್ತೆ ಹೊರಟೆವು.

ಗುಂಡ್ಲುಪೇಟೆ ದಾಟಿ ಕಾಡಿನಂಚಿನ ಗೇಟು ತಲುಪುವಾಗ ಒಂಬತ್ತು ಗಂಟೆ ಹತ್ತು ನಿಮಿಷವಾಗಿತ್ತು. ಗೇಟು ಮುಚ್ಚಿತ್ತು. ನಮ್ಮೊಂದಿಗಿದ್ದ ಒಬ್ಬರು ಇಳಿದುಹೋಗಿ, ಹತ್ತು ನಿಮಿಷಕ್ಕಾಗಿ ಹೆಂಗಸರನ್ನೂ ಮಕ್ಕಳನ್ನೂ ದಾರಿಯಲ್ಲಿ ಕೂರಿಸುತ್ತೀರಾ ಎಂದು ಕಾವಲುಗಾರರ ಮೇಲೆ ರೇಗಿದರು. ನಾವೂ ದನಿಗೂಡಿಸಿದೆವು. ಆ ಕಾವಲುಗಾರರು ದನಿ ಏರಿಸದೆ ಒಂದು ಮಾತು ಹೇಳಿದರು: ‘ಹಗಲೆಲ್ಲ ನಿಮಗೇ ಬಿಟ್ಟಿದ್ದೇವಲ್ಲ, ರಾತ್ರಿಯಾದರೂ ಅವು ದಾಟಬೇಡವೇ?’ ನಮ್ಮಲ್ಲಿ ಉತ್ತರವಿರಲಿಲ್ಲ. ಗುಂಡ್ಲುಪೇಟೆಗೆ ಮರಳಿದೆವು. ಕೋಣೆ ಸಿಗದೆ ಪೆಟ್ರೋಲ್ ಬಂಕೊಂದರ ಬದಿಯಲ್ಲಿ ವಾಹನ ನಿಲ್ಲಿಸಿ, ಮಹಿಳೆಯರೂ ಮಕ್ಕಳೂ ಕುಳಿತಲ್ಲೇ ರಾತ್ರಿ ಕಳೆದರು.

ಬೆಳಗಿನ ಜಾವ ವುಝೂವಿಗಾಗಿ ಎದ್ದಾಗ ನಮ್ಮ ಚಾಲಕ, ಇಪ್ಪತ್ತೈದು ದಾಟದ ಹುಡುಗ, ಎಂಜಿನ್ ಪಕ್ಕದ ಸೀಟಿನಲ್ಲಿ ಕೈಕಾಲು ಮಡಚಿ ಮಲಗಿದ್ದ. ಎಬ್ಬಿಸಲು ಮೂರು ಬಾರಿ ಕರೆಯಬೇಕಾಯಿತು. ಎದ್ದವನು ಮುಖ ತೊಳೆದು ಬಂದು ಹೇಳಿದ: ‘ಗೇಟು ಮುಚ್ಚಿದ್ದು ಒಳ್ಳೆಯದಾಯಿತು ಉಸ್ತಾದರೇ. ನೀವು ಹೊರಟ ಹಿಂದಿನ ರಾತ್ರಿ ಮದುವೆಯ ಬಾಡಿಗೆ ಇತ್ತು, ಮನೆಗೆ ಬಂದದ್ದೇ ಮೂರು ಗಂಟೆಗೆ. ನಿನ್ನೆ ಮೈಸೂರು ದಾಟಿದ ಮೇಲೆ ಎರಡು ಸಲ ಕಣ್ಣು ಮುಚ್ಚಿಹೋಗಿತ್ತು.’

ಹಿಂದೆ ಹದಿನಾಲ್ಕು ಜೀವಗಳಿದ್ದವು. ಎರಡು ಸಲ ಕಣ್ಣು ಮುಚ್ಚಿಹೋಗಿತ್ತು. ಆ ಗೇಟು ತೆರೆದಿದ್ದರೆ ಮುಂದೆ ಕಾಡಿನ ಕತ್ತಲೆ, ಅದರ ಆಚೆಗೆ ನೀಲಗಿರಿಯ ತಿರುವುಗಳು. ನಾವು ರೇಗಾಡಿದ ಆ ಮುಚ್ಚಿದ ಗೇಟು ಅಲ್ಲಾಹನ ಕಾರುಣ್ಯವೇ ಆಗಿತ್ತೆಂದು ನಾವು ಇಂದಿಗೂ ನಂಬುತ್ತೇವೆ. ಅದರ ಜೊತೆಗೆ, ಆ ಹುಡುಗನಿಗೆ ನಿದ್ದೆ ಆಗಿದೆಯೇ ಎಂದು ಎರಡು ದಿನಗಳಲ್ಲಿ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ ಎಂಬ ಲಜ್ಜೆಯೂ ಉಳಿದುಕೊಂಡಿದೆ. ಬಾಡಿಗೆ ಕುದುರಿಸುವಾಗ ಕಿಲೋಮೀಟರಿಗೆ ಎಷ್ಟು ಎಂದು ಅರ್ಧ ಗಂಟೆ ಚೌಕಾಸಿ ಮಾಡಿದವರು ನಾವೇ.

ಆ ಗೇಟಿನ ಕಥೆಯನ್ನು ಪ್ರಯಾಣಿಕರಾದ ನಾವೆಲ್ಲರೂ ತಿಳಿದಿರಬೇಕು. ಬಂಡೀಪುರದ ಮೂಲಕ ಎರಡು ರಾಷ್ಟ್ರೀಯ ಹೆದ್ದಾರಿಗಳು ಹಾದುಹೋಗುತ್ತವೆ. ಒಂದು ಊಟಿಯ ಕಡೆಗೆ, ಇನ್ನೊಂದು ವಯನಾಡಿನ ಕಡೆಗೆ. 2009ರಿಂದ ಈ ಎರಡೂ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸ್ ಮತ್ತು ಗೊತ್ತುಪಡಿಸಿದ ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ. ರಾತ್ರಿ ವೇಗವಾಗಿ ಬರುವ ವಾಹನಗಳಡಿ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದೇ ಇದಕ್ಕೆ ಕಾರಣ. 2010ರಲ್ಲಿ ಕರ್ನಾಟಕ ಹೈಕೋರ್ಟ್ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಬಂಡೀಪುರವು 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ನಾಗರಹೊಳೆ, ಮುದುಮಲೈ, ವಯನಾಡುಗಳೊಂದಿಗೆ ಅದು ಒಂದೇ ಕಾಡಾಗಿ ಬೆಸೆದುಕೊಂಡಿದೆ. ಆನೆಯ ಹಿಂಡಿಗೆ ಕರ್ನಾಟಕ, ತಮಿಳುನಾಡು, ಕೇರಳ ಎಂಬ ಗಡಿಗಳಿಲ್ಲ. ಮೇವು, ನೀರು ಇರುವ ಕಡೆಗೆ ಅದು ನಡೆಯುತ್ತದೆ, ನಮ್ಮ ರಸ್ತೆ ಅದರ ದಾರಿಗೆ ಅಡ್ಡ ಬಿದ್ದಿದೆ.

ಇಲ್ಲಿ ಒಂದು ಹದೀಸ್ ನೆನಪಾಗುತ್ತದೆ. ಪ್ರಯಾಣದಲ್ಲಿ ರಾತ್ರಿ ತಂಗುವಾಗ ದಾರಿಯ ಮೇಲೆ ಬಿಡಾರ ಹೂಡಬೇಡಿರಿ, ರಾತ್ರಿಯಲ್ಲಿ ಅದು ಪ್ರಾಣಿಗಳ ಹಾದಿಯೂ ಕ್ರಿಮಿಕೀಟಗಳ ನೆಲೆಯೂ ಆಗಿರುತ್ತದೆ ಎಂಬ ಅರ್ಥದ ಬೋಧನೆ ಅದು. ಮದ್ರಸದಲ್ಲಿ ಅದನ್ನು ನಾವೂ ಓದಿದ್ದೇವೆ, ಮಕ್ಕಳಿಗೂ ಓದಿಸಿದ್ದೇವೆ. ಹಾವು ಚೇಳುಗಳಿಂದ ರಕ್ಷಿಸಿಕೊಳ್ಳುವ ಬುದ್ಧಿಮಾತೆಂದಷ್ಟೇ ಅದನ್ನು ಅರ್ಥೈಸುತ್ತಿದ್ದೆವು. ಹಗಲು ನಮ್ಮದಾದ ದಾರಿಯ ಮೇಲೆ ರಾತ್ರಿ ಬೇರೆ ಜೀವಿಗಳಿಗೆ ಹಕ್ಕಿದೆ ಎಂಬ ಅರ್ಥವೂ ಅದರೊಳಗೆ ಅಡಗಿದೆಯೆಂಬುದು ನಮಗೆ ಹೊಳೆದದ್ದು ಆ ಪೆಟ್ರೋಲ್ ಬಂಕಿನ ಬದಿಯಲ್ಲಿ.

ಇನ್ನು ಚಾಲಕನ ವಿಷಯ. ದೇಹಕ್ಕೂ ಕಣ್ಣುಗಳಿಗೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ)ರು ಕಲಿಸಿದ್ದು, ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ಆರಾಧನೆಯಲ್ಲಿ ಕಳೆಯಬಯಸಿದ ಒಬ್ಬ ಸಹಾಬಿಗೆ. ಆರಾಧನೆಗಾಗಿಯೂ ಕಣ್ಣಿನ ಹಕ್ಕನ್ನು ಕಸಿಯಬಾರದೆಂದಾದರೆ, ಊಟಿಯಲ್ಲಿ ಕಾದಿರಿಸಿದ ಕೋಣೆಗಾಗಿ ಇನ್ನೊಬ್ಬನ ಕಣ್ಣಿನ ಹಕ್ಕನ್ನು ಕಸಿಯಲು ನಮಗೆ ಯಾರು ಅಧಿಕಾರ ಕೊಟ್ಟರು? ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ ಎಂಟು ಗಂಟೆಯ ದುಡಿಮೆಯ ಮಿತಿಯನ್ನೂ, ಐದು ಗಂಟೆ ದುಡಿಯುವುದರೊಳಗೆ ಕನಿಷ್ಠ ಅರ್ಧ ಗಂಟೆಯ ವಿರಾಮವನ್ನೂ ವಿಧಿಸಿತ್ತು. ಒಂದೆರಡು ವಾಹನಗಳನ್ನು ಇಟ್ಟುಕೊಂಡವರಿಗೆ ಆ ಕಾಯ್ದೆ ಅನ್ವಯಿಸದೆ ಇದ್ದಿರಬಹುದು. ಆದರೆ ಮನುಷ್ಯನ ದೇಹ ಒಂದೇ ತಾನೇ? ಹೊರಡುವ ಹಿಂದಿನ ರಾತ್ರಿ ಚಾಲಕನಿಗೆ ಬೇರೆ ಬಾಡಿಗೆ ಇರಬಾರದು, ತಂಗುವಲ್ಲಿ ಅವನಿಗೂ ಒಂದು ಹಾಸಿಗೆ ಇರಬೇಕು, ನಾವು ಉಣ್ಣುವಾಗ ಅವನೂ ನಮ್ಮೊಡನೆ ಕುಳಿತು ಉಣ್ಣಬೇಕು. ಈ ಮೂರನ್ನು ಬಾಡಿಗೆ ಮಾತನಾಡುವಾಗಲೇ ಗಟ್ಟಿಮಾಡಿಕೊಳ್ಳಬೇಕು. ಇದು ಔದಾರ್ಯವಲ್ಲ, ಅವನ ಹಕ್ಕು. ನಮ್ಮ ಮಕ್ಕಳ ಜೀವದ ಭದ್ರತೆಯೂ ಹೌದು.

ಹೀಗಾಗಿ ಈ ಬಾರಿ ನಾವು ಆ ಒಂಬತ್ತು ಹೆಸರುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಅಳಿಸಲು ಕುಳಿತೆವು. ಕೊನೆಗೆ ಉಳಿದದ್ದು ಎರಡು ಕಾಡುಗಳು: ಕುದುರೆಮುಖ ಮತ್ತು ಬಂಡೀಪುರ. ದಿನಗಳು ಆರು. ಉಳಿದ ಊರುಗಳು ದಾರಿಯಲ್ಲಿ ಸಿಕ್ಕರೆ ಸಿಗಲಿ, ಸಿಗದಿದ್ದರೆ ಇನ್ನೊಂದು ಸಲಕ್ಕಿರಲಿ. ಈ ಯೋಜನೆಯನ್ನು ಇಲ್ಲಿ ವಿವರಿಸುವುದು ಇದೇ ಸರಿಯಾದ ದಾರಿಯೆಂದು ಸಾಧಿಸಲಿಕ್ಕಲ್ಲ. ಅಳಿಸುವುದು ಹೇಗೆಂಬುದಕ್ಕೆ ಒಂದು ಮಾದರಿಯಿರಲಿ ಎಂದು ಮಾತ್ರ.

ಮೊದಲ ದಿನ ಮಂಗಳೂರಿನಿಂದ ಕಾರ್ಕಳ, ಮಾಳ ಮಾರ್ಗವಾಗಿ ಕುದುರೆಮುಖ ಹಾದು ಕಳಸ. ಇದು ಸುಮಾರು ನೂರಿಪ್ಪತ್ತು ಕಿಲೋಮೀಟರ್. ಬೆಳಗ್ಗೆ ಎಂಟಕ್ಕೆ ಹೊರಟರೂ ಝುಹ್ರ್ ವೇಳೆಗೆ ಕಳಸದಲ್ಲಿರಬಹುದು. ಕಾಡಿನೊಳಗೆ ಕಂಡಕಂಡಲ್ಲಿ ವಾಹನ ನಿಲ್ಲಿಸುವಂತಿಲ್ಲವಾದ್ದರಿಂದ, ಮಕ್ಕಳನ್ನೂ ಹಿರಿಯರನ್ನೂ ಘಟ್ಟ ಹತ್ತುವ ಮೊದಲೇ ಇಳಿಸಿ ಕಾಲಾಡಿಸಲು ಬಿಡಬೇಕು. ಹೊಟ್ಟೆ ತುಂಬಾ ತಿಂದು ಘಟ್ಟ ಹತ್ತಬಾರದು. ತಲೆ ಸುತ್ತುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಬೇಕು. ಕಳೆದ ಬಾರಿ ಆ ಸೀಟಿನಲ್ಲಿ ಮೊಬೈಲ್ ಹಿಡಿದು ಚಿತ್ರೀಕರಣ ಮಾಡುತ್ತಿದ್ದ ಯುವಕನಿದ್ದ, ನಮ್ಮ ತಾಯಿ ಕೊನೆಯ ಸಾಲಿನಲ್ಲಿದ್ದರು. ಈ ಬಾರಿ ಆ ಸೀಟು ಅವರದ್ದು.

ಎರಡನೆಯ ದಿನ ವಾಹನವನ್ನು ಮುಟ್ಟುವುದೇ ಇಲ್ಲ. ಚಾಲಕನಿಗೆ ಪೂರ್ಣ ರಜೆ. ಕಳಸ, ಸಂಸೆಯ ಸುತ್ತಮುತ್ತ ಕಾಫಿ ತೋಟಗಳ ನಡುವೆ ಹೋಂಸ್ಟೇಗಳಿವೆ. ಅಲ್ಲಿಯೇ ಇದ್ದು, ನಡೆಯಬಲ್ಲವರು ನಡೆದು, ಕೂರುವವರು ಕೂತು ಒಂದು ದಿನವನ್ನು ಕಳೆಯುವುದು. ‘ಏನೂ ನೋಡದೆ ಒಂದು ದಿನ ಹಾಳು ಮಾಡುವುದೇ?’ ಎಂಬ ಪ್ರಶ್ನೆ ಗುಂಪಿನಲ್ಲಿ ಬಂತು. ಕುದುರೆಮುಖದಲ್ಲಿ ಏನನ್ನು ನೋಡಬೇಕೆಂಬುದು ತಿಳಿದಿದ್ದರೆ ಒಂದು ದಿನವೂ ಸಾಲದು ಎಂಬುದು ನಮ್ಮ ಉತ್ತರವಾಗಿತ್ತು.

ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ಅದರ ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ಅಲ್ಲಿನ ಬೆಟ್ಟಗಳ ನೆತ್ತಿಯ ಮೇಲೆ ಹುಲ್ಲುಗಾವಲು, ಬೆಟ್ಟಗಳ ಮಡಿಲಲ್ಲಿ ಶೋಲಾ ಎಂದು ಕರೆಯಲಾಗುವ ದಟ್ಟ ಕಾಡು. ಮಳೆಗಾಲದ ನೀರನ್ನು ಈ ಹುಲ್ಲೂ ಶೋಲಾವೂ ಹತ್ತಿಯಂತೆ ಹೀರಿಕೊಂಡು ಬೇಸಗೆಯವರೆಗೂ ಹನಿಹನಿಯಾಗಿ ಬಿಟ್ಟುಕೊಡುತ್ತವೆ. ತುಂಗೆಯೂ ಭದ್ರೆಯೂ ಹುಟ್ಟುವುದು ಇಲ್ಲಿಯ ಗಂಗಾಮೂಲದಲ್ಲಿ. ನಮ್ಮ ನೇತ್ರಾವತಿಯ ಮೂಲವೂ ಇದೇ ಶ್ರೇಣಿಯಲ್ಲಿದೆ. ಆ ನೇತ್ರಾವತಿಯನ್ನು ತುಂಬೆಯಲ್ಲಿ ತಡೆದು ಮಂಗಳೂರು ನಗರಕ್ಕೆ ನೀರು ಹಂಚಲಾಗುತ್ತದೆ. ಎಂದರೆ, ನಗರದ ಮಸೀದಿಯ ನಲ್ಲಿಯನ್ನು ತಿರುಗಿಸಿ ದಿನಕ್ಕೆ ಐದು ಬಾರಿ ನಾವು ಮುಖ ತೊಳೆಯುವ ನೀರು ಈ ಬೆಟ್ಟಗಳಿಂದ ಇಳಿದುಬಂದದ್ದು. ವುಝೂವಿನಲ್ಲಿ ನೀರನ್ನು ಪೋಲು ಮಾಡಬಾರದೆಂದು ಮಕ್ಕಳಿಗೆ ವರ್ಷವಿಡೀ ಹೇಳುತ್ತೇವೆ. ಆ ನೀರು ಎಲ್ಲಿಂದ ಬರುತ್ತದೆಂಬುದನ್ನು ಒಂದು ದಿನ ಕುಳಿತು ತೋರಿಸಿದ್ದೇವೆಯೇ?

ತೋರಿಸಬೇಕಾದದ್ದು ಇನ್ನೂ ಒಂದಿದೆ. ಇದೇ ಬೆಟ್ಟಗಳಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರನ್ನು ಅಗೆಯಲಾಯಿತು. ಅದಿರನ್ನು ನೀರಿನಲ್ಲಿ ಕದಡಿ, ಘಟ್ಟದಿಂದ ನಮ್ಮ ಪಣಂಬೂರಿನ ತನಕ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹರಿಸಲಾಯಿತು. ಜನರ ಹೋರಾಟ, ನ್ಯಾಯಾಲಯದ ವ್ಯಾಜ್ಯಗಳ ಬಳಿಕ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಯಿಂದ ಹಲವರಿಗೆ ಉದ್ಯೋಗ ದೊರೆತಿತ್ತು. ಅದು ನಿಂತಾಗ ಒಂದು ಊರೇ ಬರಿದಾಯಿತು ಎಂಬುದೂ ಸತ್ಯ. ಇಂದು ಆ ದಾರಿಯಲ್ಲಿ ಹೋಗುವವರಿಗೆ ಖಾಲಿ ಮನೆಗಳೂ, ಅದಿರು ತೊಳೆದುಳಿದ ಹೂಳನ್ನು ತಡೆದಿಟ್ಟ ಲಕ್ಯಾ ಅಣೆಕಟ್ಟೂ ಕಾಣುತ್ತವೆ. ಅಗತ್ಯಕ್ಕೂ ದುರಾಸೆಗೂ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಪ್ರಾಯಕ್ಕೆ ಬಂದ ಮಕ್ಕಳೊಂದಿಗೆ ಚರ್ಚಿಸಲು ಇದಕ್ಕಿಂತ ಒಳ್ಳೆಯ ತರಗತಿ ಸಿಗಲಾರದು. ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಮುಂದೆ ಹೋಗುವವರಿಗೆ ಅದು ಕಿಟಕಿಯಾಚೆಯ ಹಸಿರು ಮಾತ್ರ.

ಮೂರನೆಯ ದಿನ ನಮ್ಮ ಯೋಜನೆಯ ಅತಿ ದೀರ್ಘ ದಾರಿ. ಕಳಸದಿಂದ ಮೂಡಿಗೆರೆ, ಬೇಲೂರು, ಹಾಸನ ಹಾದು ಮೈಸೂರು. ಬೆಳಗ್ಗೆ ಏಳಕ್ಕೆ ಹೊರಟು, ಎರಡು ಗಂಟೆಗೊಮ್ಮೆ ನಿಂತು, ಹಗಲು ಬೆಳಕಿರುವಾಗಲೇ ಮೈಸೂರು ಸೇರಿ ತಂಗುವುದು. ದಸರೆಯ ದಿನಗಳಲ್ಲಿ ಮೈಸೂರಿನಲ್ಲಿ ಕೋಣೆ ಸಿಗುವುದು ದುಸ್ತರವಾದ್ದರಿಂದ ವಿಜಯದಶಮಿ ಕಳೆದ ಮೇಲೆ ಹೊರಡುವಂತೆ ದಿನಗಳನ್ನು ಹೊಂದಿಸಿದ್ದೇವೆ. ನಾಲ್ಕನೆಯ ದಿನ ಬಂಡೀಪುರಕ್ಕೆ ಎಂಬತ್ತು ಕಿಲೋಮೀಟರ್ ಮಾತ್ರ. ಸಫಾರಿ ನಡೆಯುತ್ತಿದೆಯೇ, ಸ್ಥಳ ಸಿಗುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಅರಣ್ಯ ಇಲಾಖೆಯಿಂದ ವಿಚಾರಿಸಿಕೊಳ್ಳಬೇಕು. ಐದನೆಯ ದಿನ ಬೆಳಗ್ಗೆ ಮುದುಮಲೈಯ ತೆಪ್ಪಕಾಡು ಆನೆ ಶಿಬಿರದವರೆಗೆ ಹೋಗಿ, ಅಲ್ಲಿಂದಲೇ ಹಿಂದಿರುಗಿ ಮೈಸೂರು. ಆರನೆಯ ದಿನ ಮಡಿಕೇರಿ, ಸಂಪಾಜೆ ಮಾರ್ಗವಾಗಿ ಮಗ್ರಿಬ್‌ಗೆ ಮುನ್ನ ಮನೆ. ಮಳೆ ಹಿಡಿದಿದ್ದರೆ ಸಂಪಾಜೆ ಘಟ್ಟದ ಸ್ಥಿತಿಯನ್ನು ಹಿಂದಿನ ದಿನವೇ ತಿಳಿದುಕೊಳ್ಳಬೇಕು. 2018ರ ಮಳೆಗಾಲದಲ್ಲಿ ಆ ಬೆಟ್ಟಗಳು ಜರಿದದ್ದನ್ನು ನಾವಾರೂ ಮರೆತಿಲ್ಲ.

ಊಟಿಯನ್ನು ಬಿಟ್ಟದ್ದಕ್ಕೆ ಮಕ್ಕಳು ಮುನಿಸಿಕೊಂಡರು. ಆದರೆ ಅಲ್ಲಿಯ ಬೆಟ್ಟಗಳಿಗೆ ತಾಳಲಾರದಷ್ಟು ವಾಹನಗಳು ಹತ್ತುತ್ತಿವೆ ಎಂಬ ಕಾರಣಕ್ಕಾಗಿಯೇ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ನೀಲಗಿರಿಗೆ ಇ-ಪಾಸ್ ವ್ಯವಸ್ಥೆ ಜಾರಿಯಾಗಿದೆ. ಒಂದು ಬೆಟ್ಟವೇ ‘ಸಾಕು’ ಎನ್ನುತ್ತಿರುವಾಗ ಪಟ್ಟಿಯಲ್ಲಿ ಹೆಸರಿದೆಯೆಂದು ಅಲ್ಲಿಗೇ ಹೋಗಬೇಕೇ? ಹೋಗಲೇಬೇಕೆನ್ನುವವರು ಪಾಸ್ ಮಾಡಿಸಿಕೊಂಡು, ಪ್ಲಾಸ್ಟಿಕ್ ಬಾಟಲಿಗಳನ್ನು ಮನೆಯಲ್ಲೇ ಬಿಟ್ಟು, ಎರಡು ರಾತ್ರಿ ಅಲ್ಲಿಯೇ ತಂಗುವಂತೆ ಹೋಗಲಿ. ಮಸಿನಗುಡಿಯಿಂದ ಕಲ್ಲಟ್ಟಿ ಮೂಲಕ ಏರುವ ಹತ್ತಿರದ ದಾರಿಯಲ್ಲಿ 36 ಕಡಿದಾದ ತಿರುವುಗಳಿವೆ. ಹತ್ತಿರವೆಂಬ ಕಾರಣಕ್ಕೆ, ಬೆಟ್ಟದ ರಸ್ತೆಯ ಅಭ್ಯಾಸವಿಲ್ಲದ ಚಾಲಕನನ್ನು ಆ ದಾರಿಗೆ ತಳ್ಳಬಾರದು.

ಪ್ರಯಾಣಿಕನಿಗೆ ನಾಲ್ಕು ರಕ್‌ಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸುವ, ಎರಡು ಹೊತ್ತಿನ ನಮಾಝ್‌ಗಳನ್ನು ಒಂದೇ ಹೊತ್ತಿನಲ್ಲಿ ನಿರ್ವಹಿಸುವ ರಿಯಾಯಿತಿಯನ್ನು ಧರ್ಮ ನೀಡಿದೆ. ಪ್ರಯಾಣಿಕ ದಣಿದಿರುತ್ತಾನೆ ಎಂಬ ಕರುಣೆ ಅದರ ಹಿಂದಿದೆ. ಆ ರಿಯಾಯಿತಿಯಿಂದ ಉಳಿದ ಹೊತ್ತಿನಲ್ಲಿ ಇನ್ನೊಂದು ಜಲಪಾತಕ್ಕೆ ಓಡುವುದು ಆ ಕರುಣೆಗೆ ನಾವು ತೋರುವ ಕೃತಜ್ಞತೆಯಾಗಲಾರದು. ನಮಾಝ್‌ಗೆ ನಿಲ್ಲುವ ಸ್ಥಳವನ್ನೇ ಊಟಕ್ಕೂ, ಮಹಿಳೆಯರ ಶೌಚಕ್ಕೂ, ಚಾಲಕನ ಅರ್ಧ ಗಂಟೆಯ ಮಲಗುವಿಕೆಗೂ ಒದಗುವಂತೆ ಮೊದಲೇ ಗೊತ್ತುಮಾಡಿದರೆ ಪ್ರಯಾಣ ತಾನಾಗಿಯೇ ನಿಧಾನಗೊಳ್ಳುತ್ತದೆ. ಶೌಚಾಲಯ ಎಲ್ಲಿ ಸಿಗುವುದೋ ಎಂಬ ಭಯದಿಂದ ನಮ್ಮ ಹೆಂಗಸರು ದಿನವಿಡೀ ನೀರು ಕುಡಿಯದೆ ಪ್ರಯಾಣಿಸುತ್ತಾರೆಂಬುದು ಎಷ್ಟು ಮಂದಿ ಗಂಡಸರಿಗೆ ತಿಳಿದಿದೆ? ಮೂರು ದಿನಕ್ಕಾಗುವಷ್ಟು ಪತ್ತಿರಿ, ಕೋಳಿಸಾರುಗಳನ್ನು ಹಿಂದಿನ ರಾತ್ರಿ ಒಬ್ಬರೇ ಬೇಯಿಸಿ, ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ವಾಹನ ಹತ್ತುವಾಗಲೇ ದಣಿದಿರುವವರಿಗೆ ಬೆಟ್ಟ ಹೇಗೆ ಕಂಡೀತು? ಹೆಂಗಸರು ಕುಳಿತಿದ್ದ ಒಂಟೆಗಳನ್ನು ವೇಗವಾಗಿ ಓಡಿಸುತ್ತಿದ್ದ ಅನ್‌ಜಶ(ರ)ರಿಗೆ, ಗಾಜಿನ ಪಾತ್ರೆಗಳಿವೆ, ನಿಧಾನವಾಗಿ ನಡೆಸು ಎಂಬ ಅರ್ಥದಲ್ಲಿ ಪ್ರವಾದಿ(ಸ)ರು ಹೇಳಿದ್ದನ್ನು ನಾವು ಉಪನ್ಯಾಸಗಳಲ್ಲಿ ಸೊಗಸಾಗಿ ವಿವರಿಸುತ್ತೇವೆ. ಟೆಂಪೋ ಟ್ರಾವೆಲರ್ ಹತ್ತಿದೊಡನೆ ಮರೆಯುತ್ತೇವೆ.

ಕಾಡಿನೊಳಗೆ ನಡೆದುಕೊಳ್ಳುವ ರೀತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಾಜು ಇಳಿಸಿ ಕೋತಿಗೆ ಬಾಳೆಹಣ್ಣು ಎಸೆಯುವುದು, ಆನೆ ಕಂಡೊಡನೆ ಹಾರ್ನ್ ಬಾರಿಸುವುದು, ಸೆಲ್ಫಿಗಾಗಿ ಇಳಿಯುವುದು ಕಾನೂನಿನ ಪ್ರಕಾರ ತಪ್ಪು, ಪ್ರಾಣಕ್ಕೂ ಅಪಾಯ. ಪ್ರಯಾಣದ ನಡುವೆ ಕೆಲವರು ಹಕ್ಕಿಯ ಮರಿಗಳನ್ನು ಎತ್ತಿಕೊಂಡಾಗ ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತಿದ್ದನ್ನು ಕಂಡ ಪ್ರವಾದಿ(ಸ)ರು ಮರಿಗಳನ್ನು ಅದಕ್ಕೆ ಮರಳಿಸಲು ಆದೇಶಿಸಿದರು. ಅದೇ ಸಂದರ್ಭದಲ್ಲಿ ಇರುವೆಗಳ ಗೂಡನ್ನು ಸುಟ್ಟದ್ದನ್ನೂ ಆಕ್ಷೇಪಿಸಿದರು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಬೆಂಕಿಗೆ ಎಷ್ಟು ಗೂಡುಗಳು ಬೂದಿಯಾದವೋ ಅಲ್ಲಾಹನೇ ಬಲ್ಲ. ಕಾಡಿನ ಬದಿಯಲ್ಲಿ ಒಲೆ ಹೂಡುವವರೂ ಬೀಡಿಯ ತುಂಡನ್ನು ಎಸೆಯುವವರೂ ಇದನ್ನು ನೆನಪಿಡಬೇಕು.

ನಮ್ಮ ವಾದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ‘ಆರು ದಿನ ರಜೆ ಸಿಗುವುದು ಉಸ್ತಾದರಿಗೆ. ದಿನಗೂಲಿಯವನಿಗೆ, ಅಂಗಡಿಯಲ್ಲಿ ದುಡಿಯುವವನಿಗೆ ವರ್ಷಕ್ಕೊಮ್ಮೆ ಮೂರು ದಿನ ಸಿಕ್ಕರೆ ಹೆಚ್ಚು. ಅವನು ಎಲ್ಲವನ್ನೂ ನೋಡಬೇಕೆಂದು ಬಯಸುವುದು ತಪ್ಪೇ?’ ಎಂದು ಸ್ನೇಹಿತರೊಬ್ಬರು ಕೇಳಿದರು. ಆ ಬಯಕೆ ತಪ್ಪಲ್ಲ. ಮೂರು ದಿನವಿದ್ದರೆ ಕುದುರೆಮುಖ ಒಂದೇ ಸಾಕು ಎಂಬುದು ನಮ್ಮ ಸಲಹೆ. ಹೋಗಿ ಬರುವ ದಾರಿ ಇನ್ನೂರೈವತ್ತು ಕಿಲೋಮೀಟರಿನ ಆಸುಪಾಸು. ಡೀಸೆಲ್ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ. ಉಳಿದ ಹಣದಲ್ಲಿ ಒಂದೆರಡು ಕೋಣೆ ಹೆಚ್ಚಿಗೆ ಪಡೆದು ಹಿರಿಯರನ್ನು ಮಂಚದ ಮೇಲೆ ಮಲಗಿಸಬಹುದು. ಬಡವನ ಮೂರು ದಿನಗಳು ಶ್ರೀಮಂತನ ಮೂವತ್ತು ದಿನಗಳಿಗಿಂತ ಅಮೂಲ್ಯವಾದವು. ಅಂತಹ ದಿನಗಳನ್ನು ವಾಹನದ ಸೀಟಿನಲ್ಲಿ ಕುಳಿತು ಕಳೆಯಬಾರದು ಎಂಬುದೇ ನಮ್ಮ ಕಳಕಳಿ.

ಕಳೆದ ಪ್ರವಾಸದಿಂದ ಮರಳಿದ ಮರುದಿನ ನೆರೆಮನೆಯ ಹೆಂಗಸು ಬಂದು ನಮ್ಮ ತಾಯಿಯವರಲ್ಲಿ, ‘ಏನೆಲ್ಲ ನೋಡಿದಿರಿ?’ ಎಂದು ಕೇಳಿದರು. ತಾಯಿ ನಗುತ್ತಲೇ, ‘ಡಾಂಬರು ನೋಡಿದೆ ಮಗಳೇ, ತುಂಬಾ ಉದ್ದದ ಡಾಂಬರು’ ಎಂದರು. ಪಕ್ಕದ ಕೋಣೆಯಲ್ಲಿ ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದ ನಮಗೆ ಅದು ಕೇಳಿಸಿತು. ಅವರು ದೂರಲಿಲ್ಲ. ನಮ್ಮನ್ನು ಸಾಕುವ ಕಾಲದಲ್ಲಿ ಒಂದು ದಿನವೂ ಊರು ಬಿಟ್ಟು ಹೋಗದ ಅವರು, ಮಕ್ಕಳು ಕರೆದುಕೊಂಡು ಹೋದರೆಂಬುದಕ್ಕೇ ಸಂತೋಷಪಟ್ಟಿದ್ದರು. ಆದರೆ ಆ ಮಾತು ನಮ್ಮೊಳಗೆ ಇಂದಿಗೂ ಚುಚ್ಚುತ್ತಿದೆ.

ಈಗ ಅವರಿಗೆ ಎಪ್ಪತ್ತನಾಲ್ಕು. ಮೊಣಕಾಲು ನೋವು ಹೆಚ್ಚಿದೆ. ಇನ್ನೊಂದು ಪ್ರಯಾಣ ಸಿಗುವುದೋ ಇಲ್ಲವೋ ಅಲ್ಲಾಹನಿಗೆ ಗೊತ್ತು. ಮೊನ್ನೆ ರಾತ್ರಿ ಅವರ ಬಳಿ ಕುಳಿತು ಹೊಸ ಯೋಜನೆಯನ್ನು ವಿವರಿಸಿದೆವು. ನೇತ್ರಾವತಿಯ ವಿಷಯ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಾನು ಇಷ್ಟು ವರ್ಷ ವುಝೂ ಮಾಡಿದ ನೀರು ಆ ಬೆಟ್ಟದ್ದಾ? ಹಾಗಾದರೆ ಅಲ್ಲಿ ಸ್ವಲ್ಪ ಹೊತ್ತು ಕೂರಬೇಕು ಮಗಾ’ ಎಂದರು. ಎರಡು ವರ್ಷಗಳ ಹಿಂದೆ ಇದನ್ನೇ ಅವರು ಕೇಳಿದ್ದರು. ಅಂದು ನಾವು ಒಂದು ಗಂಟೆಯ ನಂತರ ಎಂದಿದ್ದೆವು.

ಪ್ರಿಯ ಓದುಗರೇ, ನಿಮ್ಮ ಮೊಬೈಲಿನಲ್ಲಿಯೂ ಒಂದು ಪಟ್ಟಿ ಇರಬಹುದು. ಇಂದು ರಾತ್ರಿ ಅದನ್ನು ತೆರೆದು ಮನೆಯ ಅತ್ಯಂತ ಹಿರಿಯರಿಗೆ ಓದಿ ಹೇಳಿ. ಎಲ್ಲಿ ಕೂರಬೇಕೆಂದು ಅವರನ್ನು ಕೇಳಿ. ಉಳಿದ ಹೆಸರುಗಳನ್ನು ಅಳಿಸಿಬಿಡಿ. ಹೊರಟವರೆಲ್ಲರನ್ನೂ ಅಲ್ಲಾಹನು ಕ್ಷೇಮವಾಗಿ ಮನೆಗೆ ಮರಳಿಸಲಿ.